ಒಂದು ದೀಪದ ಲೆಕ್ಕ: ಯಾದಗಿರಿ, ಶಹಾಪುರ, ಸುರಪುರದ ಮನೆಬೆಳಕಿನ ಚರಿತ್ರೆ

ಕೃಷ್ಣೆ ಮತ್ತು ಭೀಮೆಯರ ನಡುವಿನ ಸುರಪುರ, ಶಹಾಪುರ ಹಾಗೂ ಭೀಮೆಯಾಚೆಯ ಯಾದಗಿರಿ ಸೀಮೆಯಲ್ಲಿ ಬಡವರ ಮನೆಯ ದೀಪಕ್ಕೂ ಒಲೆಗೂ ಹೊರಗಿನಿಂದ ಬಂದ ನೆರವೆಲ್ಲ ಒಂದು ಅಳತೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಿದೆ. ಮೊದಲು ರೇಷನ್ ಕಾರ್ಡಿಗೆ ಇಷ್ಟು ಲೀಟರ್ ಸೀಮೆಎಣ್ಣೆ ಎಂದಿತ್ತು. ಆಮೇಲೆ ಗುಡಿಸಲಿಗೆ ಒಂದು ಬಲ್ಬು, ತಿಂಗಳಿಗೆ 18 ಯೂನಿಟ್ ಎಂದಾಯಿತು. 18 ಮುಂದೆ 40 ಆಯಿತು. ಈಗಿನ ಮೇಲ್ಮಿತಿ 200. ಅಳತೆ ದಾಟಿದ ದಿನ ನೆರವು ನಿಲ್ಲುತ್ತದೆ, ಇಲ್ಲವೇ ದಂಡದಂತೆ ತಿರುಗಿ ಬೀಳುತ್ತದೆ. ಈ ಅಳತೆಗಳನ್ನು ಗೊತ್ತುಮಾಡಿದವರು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಕುಳಿತವರು. ಅದರೊಳಗೆ ಸಂಸಾರ ನಡೆಸುವ ಕೆಲಸ ಮಾತ್ರ ಇಲ್ಲಿಯ ಮನೆಯವರದು.

ಸೀಮೆಎಣ್ಣೆ ಬರುವ ಮೊದಲು ಬೆಳಕು ಹೊಲದಲ್ಲೇ ಬೆಳೆಯುತ್ತಿತ್ತು. ಎರೆಭೂಮಿಯ ಹಿಂಗಾರಿ ಬೆಳೆಯಾದ ಕುಸುಬೆ ಮತ್ತು ಹೊಲದ ಬದುವಿನ ಔಡಲ ಗಾಣಕ್ಕೆ ಹೋಗಿ ಎಣ್ಣೆಯಾಗುತ್ತಿದ್ದವು. ಕುಸುಬೆ ಎಣ್ಣೆ ಅಡುಗೆಗೂ ದೀಪಕ್ಕೂ ಆಗುತ್ತಿತ್ತು. ನಿಧಾನವಾಗಿ ಉರಿಯುವ ಔಡಲೆಣ್ಣೆಯನ್ನು ಪಣತಿಗೆ ಮೀಸಲಿಡುತ್ತಿದ್ದರು. ಊರ ಗಾಣಿಗನಿಗೆ ಕೂಲಿಯಾಗಿ ಕಾಳನ್ನೋ ಹಿಂಡಿಯ ಪಾಲನ್ನೋ ಕೊಟ್ಟರೆ ಲೆಕ್ಕ ಚುಕ್ತಾ, ದೀಪಕ್ಕೆಂದು ರೊಕ್ಕ ಎಣಿಸುವ ಪ್ರಸಂಗ ಕಡಿಮೆ. ಆದರೆ ಎಣ್ಣೆ ಹೊಟ್ಟೆಗೂ ಬೇಕಾದ ವಸ್ತುವಾದ್ದರಿಂದ ಅದನ್ನು ಸುಟ್ಟು ಕೂರುವುದು ಉಳ್ಳವರ ಲಕ್ಷಣವಾಗಿತ್ತು. ಹೊತ್ತು ಮುಳುಗುವ ಮುಂಚೆ ರೊಟ್ಟಿ ಬಡಿದು, ಉಂಡು, ಪಾತ್ರೆ ತೊಳೆದಿಡುವ ಪದ್ಧತಿ ಹುಟ್ಟಿದ್ದು ಈ ಲೆಕ್ಕದಿಂದಲೇ. ಮದುವೆ, ಜಾತ್ರೆ, ಸುರಪುರ ಸಂಸ್ಥಾನದ ಮೆರವಣಿಗೆಗಳಿಗೆ ಮಾತ್ರ ಹಿಲಾಲು ಹೊರಬರುತ್ತಿತ್ತು. ಎಣ್ಣೆಯಲ್ಲಿ ಅದ್ದಿದ ಅರಿವೆಯ ಆ ಪಂಜನ್ನು ಹಿಡಿಯುವುದು ಕೆಲವು ಮನೆತನಗಳಿಗೆ ಬಾಬತ್ತಾಗಿ ಬಂದ ಸೇವೆಯಾಗಿತ್ತು.

ಉರುವಲಿನ ಕತೆ ಬೇರೆ. ಈ ಸೀಮೆಯಲ್ಲಿ ದಟ್ಟ ಕಾಡಿಲ್ಲ. ಸುರಪುರ, ಶಹಾಪುರದ ಗುಡ್ಡಗಳು ಹೆಚ್ಚಾಗಿ ಬಂಡೆ ಮತ್ತು ಕುರುಚಲು. ಆದ್ದರಿಂದ ಒಲೆಯ ಬೆಂಕಿಯೂ ಬೇಸಾಯದ ಬಾಲ ಹಿಡಿದೇ ಬಂತು. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಜೋಳದ ಕೂಳೆ, ಎಮ್ಮೆ ಎತ್ತುಗಳ ಸಗಣಿಯಿಂದ ತಟ್ಟಿದ ಕುಳ್ಳು ಇವೇ ವರ್ಷದ ಉರುವಲು. ಜೋಳದ ಕಣಿಕೆ ದನಕ್ಕೆ, ಕೂಳೆ ಒಲೆಗೆ ಎಂಬ ಪಾಲು ಇತ್ತು. ಹಿತ್ತಲಿನಲ್ಲಿ ಬಣವಿಯಂತೆ ಒಟ್ಟಿದ ತೊಗರಿಕಟ್ಟಿಗೆಯ ರಾಶಿಯಿಂದ ಆ ಮನೆಯ ಹೊಲ ಎಷ್ಟು ಎಂದು ಅಂದಾಜಿಸಬಹುದಿತ್ತು. ಹೊಲವಿಲ್ಲದ ಮನೆಯ ಹೆಂಗಸರು ಹಳ್ಳದ ದಂಡೆಯ ಜಾಲಿಗೆ, ರಸ್ತೆಯ ಸಗಣಿಗೆ, ಸುಗ್ಗಿಯ ನಂತರ ಇನ್ನೊಬ್ಬರ ಹೊಲದಲ್ಲಿ ಉಳಿದ ಕೂಳೆಗೆ ಹೋಗಬೇಕು. ಕೂಲಿಗೆ ಬಂದವರಿಗೆ ಹತ್ತಿಕಟ್ಟಿಗೆ ಕಿತ್ತುಕೊಂಡು ಹೋಗಲು ಬಿಡುವ ರೂಢಿ ಈ ಭಾಗದ ಅತ್ಯಂತ ಹಳೆಯ ಇಂಧನ ನೆರವು ಎನ್ನಬಹುದು. ಅರ್ಜಿ ಬೇಕಿರಲಿಲ್ಲ, ಆದರೆ ಹೊಲದ ಒಡೆಯನೊಂದಿಗಿನ ಸಂಬಂಧ ಸರಿಯಾಗಿರಬೇಕಿತ್ತು.

ಇಂದು ಇಂಧನ ದಕ್ಷತೆ ಎಂಬ ಹೆಸರಿನಲ್ಲಿ ಹೇಳುವುದರ ಬಹುಭಾಗ ಆಗ ಮನೆಯ ಕಟ್ಟಡದಲ್ಲೇ ಅಡಗಿತ್ತು. ಬೇಸಿಗೆಯಲ್ಲಿ ಉಷ್ಣಾಂಶ 43, 44 ಡಿಗ್ರಿ ಮುಟ್ಟುವ ನಾಡು ಇದು. ಹಳ್ಳಿಯ ಮನೆಗೆ ಕಲ್ಲು ಮತ್ತು ಕೆಸರಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆಯ ಹಾಸು, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣಿನ ದಪ್ಪ ಹೊದಿಕೆ. ಮೃಗಶಿರಾ ಮಳೆಗೆ ಮುಂಚೆ ಸವಳು ಮಣ್ಣು ತಂದು ಹಾಸಿ, ತುಳಿದು, ಬಡಿದು ಸೋರದಂತೆ ಮಾಡುವುದು ಪ್ರತಿ ವರ್ಷದ ಕೆಲಸ. ಈ ಮಣ್ಣು ಹಗಲಿನ ಬಿಸಿಲನ್ನು ಒಳಗೆ ಬಿಡಲು ತಾಸುಗಟ್ಟಲೆ ಸತಾಯಿಸುತ್ತದೆ. ಒಳಗೆ ಕಾವು ಇಳಿಯುವ ಹೊತ್ತಿಗೆ ಸಂಜೆಯಾಗಿ ಮನೆಯವರು ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಾರೆ. ಕಿಟಕಿಗಳು ಕಡಿಮೆ, ಇದ್ದರೂ ಸಣ್ಣವು. ಅದರ ಬದಲಿಗೆ ಅಡುಗೆಮನೆ ಮತ್ತು ಪಡಸಾಲೆಯ ಮೇಲೆ ಬೆಳಕಿಂಡಿ. ಹಗಲು ಬೆಳಕು ಕೆಳಗಿಳಿಯುವುದೂ ಒಲೆಯ ಹೊಗೆ ಮೇಲೇರುವುದೂ ಅದೇ ಕಿಂಡಿಯಿಂದ, ಮಳೆ ಬಂದಾಗ ಅದರ ಮೇಲೊಂದು ಪರ್ಸಿ ಕಲ್ಲು. ಈ ಪರ್ಸಿ ಎಂದರೆ ನೆರೆಯ ಶಹಾಬಾದಿನ ಹೆಸರಿನಲ್ಲಿ ದೇಶವೆಲ್ಲ ಮಾರಾಟವಾದ ಸುಣ್ಣದ ಹಾಸುಗಲ್ಲು. ಭೀಮಾ ಕೊಳ್ಳದಲ್ಲಿ ಪದರಪದರವಾಗಿ ಸಿಗುವ ಇದು ಇಲ್ಲಿಯ ನೆಲಕ್ಕೂ ಕಟ್ಟೆಗೂ ಎಷ್ಟೋ ಮನೆಗಳ ಚಾವಣಿಗೂ ಆಯಿತು.

ಇದನ್ನೆಲ್ಲ ಬಂಗಾರದ ಕಾಲವೆಂದು ಬಣ್ಣಿಸುವಂತಿಲ್ಲ. ಬೆಳಕಿಂಡಿ ಎಷ್ಟೇ ಇದ್ದರೂ ಅಡುಗೆಮನೆಯ ಗೋಡೆ ಕಪ್ಪಾಗಿಯೇ ಇರುತ್ತಿತ್ತು, ರೊಟ್ಟಿ ಬಡಿಯುವವರ ಕಣ್ಣು ಕೆಂಪಾಗಿಯೇ ಇರುತ್ತಿದ್ದವು. ಅತಿಮಳೆಗೆ ಮಾಳಿಗೆ ಕುಸಿಯುವ ಭಯವೂ ಇತ್ತು. ಆದರೂ ಬಿಸಿಲಿನ ಮಟ್ಟಿಗೆ ಆ ಮನೆ ಗೆದ್ದಿತ್ತು. ಬಿಸಿಲಿನ ಕಾಟಕ್ಕೆ ಹೊರಗಿನವರೂ ತಮ್ಮದೇ ದಾರಿ ಕಂಡುಕೊಂಡಿದ್ದರು. 1840ರ ದಶಕದಿಂದ 1853ರವರೆಗೆ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ತನ್ನ ಬಂಗಲೆಯನ್ನು ಊರೊಳಗೆ ಕಟ್ಟದೆ ಗಾಳಿ ಬೀಸುವ ಗುಡ್ಡದ ಮೇಲೆ ಕಟ್ಟಿಸಿದ. ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಅದು ಇಂದಿಗೂ ಇದೆ.

ಬೆಳಕು ಊರ ಹೊರಗಿನಿಂದ ಬರತೊಡಗಿದ್ದು ರೈಲಿನೊಂದಿಗೆ. ಅದಕ್ಕೂ ಮುಂಚೆ, ಅರಸ ರಾಜಾ ವೆಂಕಟಪ್ಪ ನಾಯಕರ 1858ರ ಬಂಡಾಯ ಮುರಿದ ಮೇಲೆ ಸುರಪುರ ಸಂಸ್ಥಾನ ಕೊನೆಗೊಂಡಿತ್ತು. 1860ರಲ್ಲಿ ಬ್ರಿಟಿಷರು ಆ ಪ್ರದೇಶವನ್ನು ಹೈದರಾಬಾದಿನ ನಿಜಾಮನಿಗೆ ಒಪ್ಪಿಸಿದರು. 1871ರಲ್ಲಿ ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುದಾರಿ ಯಾದಗಿರಿಯನ್ನು ಹಾದು ರಾಯಚೂರು ಮುಟ್ಟಿ ಮದ್ರಾಸಿನ ದಾರಿಯನ್ನು ಕೂಡಿತು. ಹತ್ತಿ ಮತ್ತು ಎಣ್ಣೆಕಾಳು ಹೊರಹೋದ ದಾರಿಯಲ್ಲೇ ಮುಂದೆ ಸೀಮೆಎಣ್ಣೆಯ ತಗಡಿನ ಡಬ್ಬಿಗಳು ಒಳಬಂದವು. ಯಾದಗಿರಿ ಸ್ಟೇಷನ್ನಿನಿಂದ ಚಕ್ಕಡಿಗಳಲ್ಲಿ ಅವು ಭೀಮೆ ದಾಟಿ ಶಹಾಪುರ, ಸುರಪುರದ ಪೇಟೆಗಳಿಗೆ ಹೋದವು. ಜನ ಅದಕ್ಕೆ ಚಿಮಣಿ ಎಣ್ಣೆ ಎಂದರು, ಗ್ಯಾಸೆಣ್ಣೆ ಎಂದರು. ತಗಡಿನ ಪುಟ್ಟ ದೀಪವೇ ಚಿಮಣಿ, ಗಾಜಿನ ಬುರುಡೆಯದು ಕಂದೀಲು, ಗಾಳಿ ತುಂಬಿ ಹೊತ್ತಿಸುವ ಪೆಟ್ರೊಮ್ಯಾಕ್ಸ್ ಗ್ಯಾಸ್‌ಬತ್ತಿ. ಖಾಲಿ ಡಬ್ಬಿಯೂ ವ್ಯರ್ಥವಾಗಲಿಲ್ಲ, ನೀರು ಸೇದಲು, ಕಾಳು ತುಂಬಲು, ಬಿಚ್ಚಿ ಬಡಿದು ಬಾಗಿಲಿಗೆ ಹೊಡೆಯಲು ಬಂತು. ಹೊಸ ಎಣ್ಣೆ ಕುಸುಬೆ ಎಣ್ಣೆಗಿಂತ ಅಗ್ಗ, ಬೆಳಕೂ ಹೆಚ್ಚು. ಆದರೆ ಅದು ಕಾಳು ಕೊಟ್ಟರೆ ಸಿಗದು, ನಗದೇ ಬೇಕು. ದೀಪದ ಬಾಬತ್ತು ಮನೆಯ ಖರ್ಚಿನ ಪಟ್ಟಿಗೆ ಸೇರಿದ್ದು ಇಲ್ಲಿಂದ. ಗಾಣಿಗನ ಒಂದು ಗಿರಾಕಿ ಕೈಬಿಟ್ಟದ್ದೂ ಇಲ್ಲಿಂದಲೇ.

ನಿಜಾಮನ ರಾಜ್ಯದಲ್ಲಿ ವಿದ್ಯುತ್ತು ರಾಜಧಾನಿಯ ಸೊತ್ತಾಗಿತ್ತು. ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ 1920ರ ಹೊತ್ತಿಗೆ ಉಷ್ಣ ವಿದ್ಯುತ್ ಕೇಂದ್ರ ನಡೆಯುತ್ತಿತ್ತು. ಮೈಸೂರು ಸಂಸ್ಥಾನವಂತೂ 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಿತ್ತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿಸಿತ್ತು. ಸಗರನಾಡು ಎಂದೂ ಕರೆಯುವ ಈ ಸೀಮೆಯ ಹಳ್ಳಿಗಳು ಆ ಎರಡೂ ರಾಜಧಾನಿಗಳ ಲೆಕ್ಕದಿಂದ ಹೊರಗಿದ್ದವು. 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಮುಗಿದು, 1956ರ ನವೆಂಬರ್ 1ರಂದು ಈ ಸೀಮೆಯಿದ್ದ ಗುಲ್ಬರ್ಗಾ (ಈಗಿನ ಕಲಬುರಗಿ) ಜಿಲ್ಲೆ ವಿಶಾಲ ಮೈಸೂರಿಗೆ ಸೇರಿತು. ಮರುವರ್ಷ ಅಕ್ಟೋಬರಿನಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ಹೀಗೆ ಹಳೆಯ ಮೈಸೂರಿಗಿಂತ ಅರ್ಧ ಶತಮಾನ ಹಿಂದೆ ನಿಂತು ಈ ಸೀಮೆ ತಂತಿಗಾಗಿ ಕಾಯತೊಡಗಿತು. ತುಂಗಭದ್ರೆ ಮತ್ತು ಶರಾವತಿಯ ವಿದ್ಯುತ್ತು 1960ರ ದಶಕದಲ್ಲಿ ರಾಜ್ಯದ ಜಾಲಕ್ಕೆ ಹರಿದ ಮೇಲೆ, 1969ರಲ್ಲಿ ಕೇಂದ್ರದ ಗ್ರಾಮೀಣ ವಿದ್ಯುದೀಕರಣ ನಿಗಮ ಸಾಲ ಕೊಡತೊಡಗಿದ ಮೇಲೆ ಹಳ್ಳಿಗಳ ಕಡೆ ಕಂಬಗಳು ಹೊರಟವು.

ಕಂಬ ಬಂದ ಮಾತ್ರಕ್ಕೆ ಮನೆಗೆ ಬೆಳಕು ಬಂದಂತಲ್ಲ. 1997ರವರೆಗೆ ದೇಶದಲ್ಲಿ ಚಾಲ್ತಿಯಲ್ಲಿದ್ದ ವ್ಯಾಖ್ಯೆಯಂತೆ, ಒಂದು ಊರಿನ ಕಂದಾಯ ಸೀಮೆಯೊಳಗೆ ಯಾವುದೇ ಕೆಲಸಕ್ಕೆ ವಿದ್ಯುತ್ ಬಳಕೆಯಾದರೆ ಆ ಊರು ವಿದ್ಯುದೀಕರಣಗೊಂಡಂತೆಯೇ. ಊರಾಚೆ ಒಬ್ಬ ಗೌಡರ ಬಾವಿಗೆ ಪಂಪ್‌ಸೆಟ್ ಕೂತರೆ ಸಾಕು, ಊರಿನ ನೂರಾರು ಮನೆಗಳೂ ಕಾಗದದ ಮೇಲೆ ಬೆಳಗುತ್ತಿದ್ದವು. 2004ರಲ್ಲಿ ಇದು ಬದಲಾಯಿತು. ಶಾಲೆ, ಪಂಚಾಯಿತಿ, ಆಸ್ಪತ್ರೆಯಂಥ ಜಾಗಗಳಲ್ಲಿ ವಿದ್ಯುತ್ ಇರಬೇಕು, ಕನಿಷ್ಠ ಶೇ 10ರಷ್ಟು ಮನೆಗಳಿಗೆ ಸಂಪರ್ಕ ಇರಬೇಕು ಎಂದಾಯಿತು. ಹತ್ತರಲ್ಲಿ ಒಂಬತ್ತು ಮನೆ ಕತ್ತಲಲ್ಲಿದ್ದರೂ ಊರು ಬೆಳಗಿದಂತೆ ಎಂಬುದೇ ಸುಧಾರಿತ ವ್ಯಾಖ್ಯೆ! ಈ ಸೀಮೆಯ ಲಂಬಾಣಿ ತಾಂಡಾಗಳು ಮತ್ತು ಊರ ಹೊರಗಿನ ಕೇರಿಗಳು ಹೆಚ್ಚಾಗಿ ಆ ಒಂಬತ್ತರ ಪಾಲಿನಲ್ಲಿದ್ದವು.

ಅಷ್ಟರವರೆಗೂ ಅವರ ದೀಪವನ್ನು ಹಿಡಿದದ್ದು ಕಂಟ್ರೋಲ್ ಅಂಗಡಿ. ಪಡಿತರ ಚೀಟಿಯ ಮೇಲೆ ಸರ್ಕಾರಿ ದರದಲ್ಲಿ ಸಿಗುವ ಸೀಮೆಎಣ್ಣೆಯೇ ಈ ಸೀಮೆಯ ಮನೆಗಳಿಗೆ ಬಂದ ಮೊದಲ ವ್ಯವಸ್ಥಿತ ಇಂಧನ ಸಬ್ಸಿಡಿ. ಎಣ್ಣೆಯ ಬ್ಯಾರೆಲ್ ಬಂತೆಂದರೆ ಕ್ಯಾನುಗಳ ಸಾಲು ಹೊತ್ತು ಮೂಡುವ ಮುಂಚೆಯೇ ಕೂತಿರುತ್ತಿತ್ತು. ಮನುಷ್ಯರ ಬದಲು ಕ್ಯಾನುಗಳೇ ಸರದಿಯಲ್ಲಿ ನಿಲ್ಲುವ ಆ ನೋಟ ಉತ್ತರ ಕರ್ನಾಟಕದ ಎಲ್ಲ ಊರುಗಳಿಗೂ ಪರಿಚಿತ. ತಿಂಗಳ ಪಾಲಿನ ಎಣ್ಣೆಯಲ್ಲಿ ದೀಪಕ್ಕೆ ಮೊದಲ ಹಕ್ಕು, ಹಸಿ ಕಟ್ಟಿಗೆ ಹೊತ್ತಿಸಲು ಒಂದಿಷ್ಟು, ಸ್ಟವ್ ಇದ್ದ ಪೇಟೆಯ ಮನೆಗಳಲ್ಲಿ ಚಹಾಕ್ಕೆ ಮಿಕ್ಕದ್ದು. ಮುಂದೆ ಅಡುಗೆ ಅನಿಲ ಬಂದಾಗ ಚೀಟಿಯ ಮೇಲೆ ಗ್ಯಾಸ್ ಮುದ್ರೆ ಬಿದ್ದರೆ ಎಣ್ಣೆಯ ಪಾಲು ಹೋಗುತ್ತಿತ್ತು. ಒಂದು ನೆರವು ಬಂದಾಗ ಇನ್ನೊಂದು ಹಿಂದೆ ಸರಿಯುವ ಈ ಕ್ರಮ ಮುಂದಿನ ಯೋಜನೆಗಳಲ್ಲೂ ಕಾಣುತ್ತದೆ.

ವಿದ್ಯುತ್ ನೆರವಿನ ಚರಿತ್ರೆಯ ನಡುಗಂಬ ಭಾಗ್ಯಜ್ಯೋತಿ. 1979–80ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಈ ಯೋಜನೆ ಬಡವರ ಮನೆಗೆ 40 ವ್ಯಾಟಿನ ಒಂದು ದೀಪದ ಸಂಪರ್ಕವನ್ನು ಕೊಟ್ಟಿತು. 1988–89ರಲ್ಲಿ ಕೇಂದ್ರ ಸರ್ಕಾರ ಇದೇ ಬಗೆಯ ಕುಟೀರಜ್ಯೋತಿಯನ್ನು ತಂದಿತು. ದರಪಟ್ಟಿಯಲ್ಲಿ ಎರಡೂ ಒಂದೇ ವರ್ಗಕ್ಕೆ, ಎಲ್‌ಟಿ–1ಕ್ಕೆ, ಸೇರಿದವು. ಮುಂದೆ ನಿಯಮ ಗಟ್ಟಿಯಾದಂತೆ ತಿಂಗಳಿಗೆ 18 ಯೂನಿಟ್‌ವರೆಗಿನ ಬಿಲ್ಲನ್ನು ಸರ್ಕಾರ ಭರಿಸುವುದೆಂದೂ, ಬಳಕೆ ಅದನ್ನು ಮೀರಿದರೆ ಅಥವಾ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ದೀಪದ ಪಾಯಿಂಟ್ ಕಂಡರೆ ಸಾಮಾನ್ಯ ಗೃಹಬಳಕೆಯ ದರ ಹಾಕುವುದೆಂದೂ ಆಯಿತು.

18 ಯೂನಿಟ್ ಎಂಬ ಅಂಕಿಯನ್ನು ಬಿಡಿಸಿ ನೋಡಿದರೆ ಯೋಜನೆಯ ಮನಸ್ಸು ತಿಳಿಯುತ್ತದೆ. 40 ವ್ಯಾಟಿನ ಬಲ್ಬು ದಿನಕ್ಕೆ 6 ತಾಸು ಉರಿದರೆ ತಿಂಗಳಿಗೆ 7.2 ಯೂನಿಟ್. 18 ಯೂನಿಟ್ ಮುಟ್ಟಬೇಕಾದರೆ ದಿನಕ್ಕೆ 15 ತಾಸು ಉರಿಯಬೇಕು. ಒಂದು ದೀಪಕ್ಕೆ ಅದು ಧಾರಾಳ. ಆದರೆ ಒಂದು ಫ್ಯಾನ್ ಸೇರಿದರೆ ಕತೆ ಮುಗಿಯಿತು. ಹಳೆಯ ಮಾದರಿಯ 75 ವ್ಯಾಟ್ ಫ್ಯಾನ್ ಬೇಸಿಗೆಯಲ್ಲಿ ದಿನಕ್ಕೆ 12 ತಾಸು ತಿರುಗಿದರೆ ಅದೊಂದೇ 27 ಯೂನಿಟ್ ನುಂಗುತ್ತದೆ. ಅಂದರೆ ಯೋಜನೆಯ ಕಣ್ಣಿನಲ್ಲಿ ಬಡವನ ಮನೆಗೆ ಕತ್ತಲೆ ಇತ್ತು, ಸೆಕೆ ಇರಲಿಲ್ಲ. ಮಲೆನಾಡಿಗೂ ಯಾದಗಿರಿಗೂ ಒಂದೇ ಅಳತೆ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಇದು ಹೇಗೋ ನಡೆಯುತ್ತಿತ್ತು. ಆದರೆ ಅದೇ ವರ್ಷಗಳಲ್ಲಿ ಜನತಾ ಮನೆ, ಆಶ್ರಯ ಮನೆಗಳ ಹೆಸರಿನಲ್ಲಿ ಸರ್ಕಾರವೇ ತೆಳುಗೋಡೆಯ, ತಗ್ಗು ಚಾವಣಿಯ ಒಂದು ಕೋಣೆಯ ಮನೆಗಳನ್ನು ಕಟ್ಟಿಸುತ್ತಿತ್ತು. ತಗಡಿನ ಪತ್ರಾಸು, ಆರ್‌ಸಿಸಿ ಚಾವಣಿಗಳು ಹಗಲೆಲ್ಲ ಕಾದು ರಾತ್ರಿ ಕಾವನ್ನು ಕೆಳಗೆ ಸುರಿಯುತ್ತವೆ. ಒಂದು ಇಲಾಖೆ ಕೊಟ್ಟ ಮನೆಗೆ ಫ್ಯಾನ್ ಬೇಕೇಬೇಕು, ಇನ್ನೊಂದು ಇಲಾಖೆ ಕೊಟ್ಟ ಸಂಪರ್ಕದಲ್ಲಿ ಫ್ಯಾನಿಗೆ ಜಾಗವಿಲ್ಲ. ಈ ಇಕ್ಕಟ್ಟಿನಿಂದ ಹುಟ್ಟಿದ ರೂಢಿಗೆ ಹುಕ್ಕು ಎಂದು ಹೆಸರು. ಸಂಜೆ ಕಂಬದ ತಂತಿಗೆ ಕೊಂಡಿ ಎಸೆದು ಬೆಳಗಿನ ಜಾವ ಲೈನ್‌ಮನ್ ಬರುವ ಮುಂಚೆ ತೆಗೆದಿಡುವ ಈ ಕಳ್ಳದಾರಿಯಲ್ಲಿ ಜೀವ ಕಳೆದುಕೊಂಡವರೂ ಇದ್ದಾರೆ. ಅದನ್ನು ಬರೀ ಕಳ್ಳತನವೆಂದು ಕಂಡವರು ಹಗ್ಗದ ಒಂದು ತುದಿಯನ್ನಷ್ಟೇ ನೋಡಿದರು.

ಇದೇ ಹೊತ್ತಿನಲ್ಲಿ ಸುತ್ತಲೂ ನೀರಾವರಿಯ, ವಿದ್ಯುತ್ತಿನ ದೊಡ್ಡ ಕೆಲಸಗಳು ನಡೆಯುತ್ತಿದ್ದವು. ಸುರಪುರ ಸೀಮೆಯ ನಾರಾಯಣಪುರದಲ್ಲಿ ಬಸವಸಾಗರ ಜಲಾಶಯ 1982ರಲ್ಲಿ ಪೂರ್ಣವಾಯಿತು. ಶಹಾಪುರದ ಬಳಿಯ ಭೀಮರಾಯನಗುಡಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲೊನಿ ಎದ್ದು ರಸ್ತೆದೀಪಗಳಿಂದ ಬೆಳಗಿತು. ಭೀಮೆ ಕೃಷ್ಣೆಯನ್ನು ಕೂಡುವ ಜಾಗದಿಂದ ಅಷ್ಟೇನೂ ದೂರವಲ್ಲದ ಶಕ್ತಿನಗರದಲ್ಲಿ ರಾಯಚೂರು ಉಷ್ಣ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಮುಂದೆ ಅದು 1,720 ಮೆಗಾವ್ಯಾಟ್‌ವರೆಗೆ ಬೆಳೆಯಿತು. ಶಹಾಪುರದ ಗೋಗಿಯ ನೆಲದಡಿ ಯುರೇನಿಯಂ ಇರುವುದೂ ಪತ್ತೆಯಾಗಿದೆ, ಗಣಿಗಾರಿಕೆಯ ಮಾತು ಬಂದಾಗಲೆಲ್ಲ ಊರವರ ಆತಂಕವೂ ಬರುತ್ತದೆ. ರಾಜ್ಯಕ್ಕೆ ಬೆಳಕು ಕೊಡಬಲ್ಲ ನೀರು, ಕಲ್ಲಿದ್ದಲಿನ ಚಿಮಣಿ, ಅದಿರು ಎಲ್ಲ ಹತ್ತಿರದಲ್ಲೇ ಇದ್ದು ಹಳ್ಳಿಯ ಮನೆಯಲ್ಲಿ ಮಾತ್ರ ಬೇರೊಂದು ಚಿಮಣಿ ಉರಿಯುತ್ತಿತ್ತು. ಕಾಲುವೆಯ ನೀರು ಬಂದ ಕಡೆ ಉರುವಲಿನ ಚಿತ್ರವೂ ಬದಲಾಯಿತು. ಜೋಳ, ತೊಗರಿಯ ಹೊಲ ಭತ್ತದ ಗದ್ದೆಯಾದಾಗ ಗಟ್ಟಿ ಕಟ್ಟಿಗೆ ತಪ್ಪಿತು. ಭತ್ತದ ಹುಲ್ಲು ಒಲೆಗೆ ಬಾರದು. ಆ ಕೊರತೆಯನ್ನು ತುಂಬಿದ್ದು ಹಳ್ಳ, ಕಾಲುವೆ ದಂಡೆಗಳನ್ನೆಲ್ಲ ಆವರಿಸಿದ ಬಳ್ಳಾರಿ ಜಾಲಿ.

ಒಲೆಯ ಸುಧಾರಣೆಗೂ ಪ್ರಯತ್ನಗಳು ನಡೆದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಅಸ್ತ್ರ ಒಲೆಯನ್ನು ರೂಪಿಸಿತು. ಮೂರು ಪಾತ್ರೆಗಳನ್ನು ಸಾಲಾಗಿ ಇಡುವ, ಹೊಗೆ ಕೊಳವೆಯಿರುವ ಮಣ್ಣಿನ ಒಲೆ ಅದು. ಹಳೆಯ ಒಲೆಯಲ್ಲಿ ಉರುವಲಿನ ಶಾಖದ ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ತಲುಪಿದರೆ, ಇದರಲ್ಲಿ ಅದರ ಕೆಲವು ಪಟ್ಟು ತಲುಪುತ್ತಿತ್ತು. 1980ರ ದಶಕದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ ಇಂಥ ಒಲೆಗಳಿಗೆ ಸಹಾಯಧನ ಕೊಟ್ಟಿತು. ಅಸ್ತ್ರದ ವಿಸ್ತರಣಾ ಕೇಂದ್ರ ಇದ್ದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಅದು ಮುದ್ದೆ, ಸಾರು, ಅನ್ನದ ಸೀಮೆ, ಎಲ್ಲವೂ ಗಡಿಗೆಯಲ್ಲಿ ಬೇಯುವ ಅಡುಗೆ. ಸಗರನಾಡಿನ ಒಲೆಯ ಮುಖ್ಯ ಕೆಲಸವಾದರೋ ಜೋಳದ ರೊಟ್ಟಿ. ಅದಕ್ಕೆ ಅಗಲವಾದ ಹಂಚು, ಹಂಚಿನಡಿ ಹರಡಿದ ಉರಿ, ಕೊನೆಗೆ ರೊಟ್ಟಿಯನ್ನು ಕೆಂಡಕ್ಕೆ ಒರಗಿಸಿ ಉಬ್ಬಿಸಲು ಒಲೆಯ ಬಾಯಿಯಲ್ಲಿ ತೆರಪು ಬೇಕು. ಒಲೆ ಮತ್ತು ಅದರ ಪಕ್ಕದ ಕೋಡೊಲೆ ಈ ಕೆಲಸಕ್ಕೆಂದೇ ಬೆಳೆದ ಜೋಡಿ. ಮುದ್ದೆಯ ನಾಡಿನಲ್ಲಿ ಹುಟ್ಟಿದ ಒಲೆ ರೊಟ್ಟಿಯ ನಾಡಿನಲ್ಲಿ ಹೊಂದಿಕೊಳ್ಳಲು ಹೆಣಗಿದ್ದರೆ ಅದಕ್ಕೆ ಹೆಂಗಸರ ಅಜ್ಞಾನವನ್ನು ಕಾರಣ ಮಾಡುವುದು ಸಲ್ಲದು. ಬಡಮನೆಗಳಿಗೆ ಅಡುಗೆ ಅನಿಲ ಕೊಟ್ಟ 2016ರ ಉಜ್ವಲಾ ಯೋಜನೆಯ ನಂತರದ ಅನುಭವವೂ ಇದನ್ನೇ ಹೇಳುತ್ತದೆ. ಸಿಲಿಂಡರ್ ಮನೆಗೆ ಬಂದಿದೆ, ಚಹಾ, ಪಲ್ಯ ಅದರ ಮೇಲೆ ಆಗುತ್ತವೆ. ದಿನಕ್ಕೆ ಇಪ್ಪತ್ತು ಮೂವತ್ತು ರೊಟ್ಟಿ ಬಡಿಯುವ ತುಂಬುಮನೆಯಲ್ಲಿ ಕಟ್ಟಿಗೆಯ ಒಲೆ ಆರಿಲ್ಲ. ಮರುಭರ್ತಿಗೆ ಕೇಂದ್ರ ಕೊಡುವ ಸಬ್ಸಿಡಿ 2022ರಲ್ಲಿ 200 ರೂಪಾಯಿ ಇದ್ದದ್ದು 2023ರ ಅಕ್ಟೋಬರಿನಲ್ಲಿ 300 ಆದರೂ, ಹಿತ್ತಲಿನ ಹತ್ತಿಕಟ್ಟಿಗೆಗೆ ದುಡ್ಡೇ ಬೇಕಿಲ್ಲ.

ಮುಂದೆ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ (ಕೆಇಬಿ) ಎನಿಸಿದ ಹಳೆಯ ಮೈಸೂರು ಮಂಡಳಿ 1999ರಲ್ಲಿ ವಿಸರ್ಜನೆಯಾಗಿ, ದರ ನಿಗದಿಗೆ ಪ್ರತ್ಯೇಕ ಆಯೋಗ ಬಂದು, 2002ರ ಜೂನ್ 1ರಿಂದ ಗುಲ್ಬರ್ಗಾ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಜೆಸ್ಕಾಂ, ಈ ಭಾಗದ ಹೊಣೆ ಹೊತ್ತಿತು. ಜನರ ಬಾಯಲ್ಲಿ ಅದು ಈಗಲೂ ಕೆಇಬಿಯೇ. ಕಂಪನಿಯ ಕಾಲದಲ್ಲಿ ಮೀಟರ್ ಎಂಬ ಪೆಟ್ಟಿಗೆಗೆ ಮಹತ್ವ ಬಂತು. ಊರಿನ ಹುಡುಗರನ್ನೇ ಗ್ರಾಮ ವಿದ್ಯುತ್ ಪ್ರತಿನಿಧಿಗಳನ್ನಾಗಿ ನೇಮಿಸಿ ಮೀಟರ್ ಓದುವ, ಬಿಲ್ ಹಂಚುವ, ಹಣ ತುಂಬಿಸಿಕೊಳ್ಳುವ ಕೆಲಸ ಕೊಟ್ಟರು. ಬಿಲ್ಲಿನ ಮೇಲೆ ಅಚ್ಚಾಗುವ ಆರ್‌ಆರ್ ನಂಬರು ಮನೆಯ ಇನ್ನೊಂದು ಹೆಸರಾಯಿತು. 2003ರ ವಿದ್ಯುತ್ ಕಾಯ್ದೆ ಗ್ರಾಹಕನಿಗೆ ಕೆಲವು ಹಿಡಿಗಳನ್ನೂ ಕೊಟ್ಟಿತು. ಬಾಕಿಗಾಗಿ ಸಂಪರ್ಕ ಕತ್ತರಿಸುವ ಮುನ್ನ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಬಿಲ್ಲಿನ ತಕರಾರಿಗೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇರಬೇಕು, ಅದರ ಮೇಲೆ ಒಂಬುಡ್ಸ್‌ಮನ್ ಇರಬೇಕು. 1912 ಎಂಬ ಸಹಾಯವಾಣಿಯೂ ಬಂತು. ವೇದಿಕೆ ದೂರದ ಪಟ್ಟಣದಲ್ಲಿ, ಒಂಬುಡ್ಸ್‌ಮನ್ ಬೆಂಗಳೂರಿನಲ್ಲಿ. ಸುರಪುರ ಸೀಮೆಯ ಹುಣಸಗಿಯ ಕೂಲಿಯಾಳಿಗೆ ಮುನ್ನೂರು ರೂಪಾಯಿ ಬಿಲ್ಲಿನ ತಕರಾರಿಗಾಗಿ ಬಸ್ಸು ಹತ್ತುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಚಾರ್ಜು ಬೇರೆ. 2022ರಲ್ಲಿ ತಿಂಗಳ ಮೂರನೆಯ ಶನಿವಾರ ಹಳ್ಳಿಗಳಲ್ಲೇ ವಿದ್ಯುತ್ ಅದಾಲತ್ ನಡೆಸುವ ಕ್ರಮ ಆರಂಭವಾದದ್ದು ಈ ದೂರವನ್ನು ಸ್ವಲ್ಪ ತಗ್ಗಿಸಲೆಂದೇ.

ಯಾದಗಿರಿ 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಅದರ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕನಿಷ್ಠ. ಅರ್ಜಿ ಬರೆದು ಪಡೆಯಬೇಕಾದ ಯಾವ ನೆರವಿಗೂ ಈ ಅಂಕಿ ನೇರವಾಗಿ ಸಂಬಂಧಿಸಿದ್ದು. ಗ್ರಾಮೀಣ ವಿದ್ಯುದೀಕರಣಕ್ಕೆ 2005ರಲ್ಲಿ ರಾಜೀವ್ ಗಾಂಧಿ ಹೆಸರಿನ ಯೋಜನೆ, ಆಮೇಲೆ ದೀನದಯಾಳ್ ಹೆಸರಿನದು, 2017ರಲ್ಲಿ ಸೌಭಾಗ್ಯ ಬಂದವು. ಸೌಭಾಗ್ಯದಲ್ಲಿ 2011ರ ಸಾಮಾಜಿಕ ಆರ್ಥಿಕ ಗಣತಿಯ ಪಟ್ಟಿಯಲ್ಲಿದ್ದ ಬಡವರಿಗೆ ಸಂಪರ್ಕ ಉಚಿತ, ಉಳಿದವರಿಗೆ 500 ರೂಪಾಯಿ, ಅದನ್ನೂ ಹತ್ತು ಕಂತಿನಲ್ಲಿ ಬಿಲ್ಲಿನೊಂದಿಗೆ ತುಂಬಬಹುದು. ತಾಂಡಾ ಮತ್ತು ಹೊಲದ ಮನೆಗಳವರೆಗೆ ತಂತಿ ಮುಟ್ಟಿದ್ದು ಹೆಚ್ಚಾಗಿ ಈ ಸುತ್ತಿನಲ್ಲಿ. ಇದಕ್ಕೆ ತುಸು ಮುಂಚೆ, 2015ರ ಕೊನೆಗೆ, ರಾಜ್ಯದಲ್ಲಿ ಹೊಸ ಬೆಳಕು ಎಂಬ ಹೆಸರಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬುಗಳ ರಿಯಾಯಿತಿ ಮಾರಾಟ ಶುರುವಾಗಿತ್ತು. ದಕ್ಷತೆಯ ಹೆಸರಿನಲ್ಲಿ ಬಂದ ನೆರವುಗಳಲ್ಲಿ ಗದ್ದಲವಿಲ್ಲದೆ ಗೆದ್ದದ್ದು ಇದೊಂದೇ. ದಿನಕ್ಕೆ 6 ತಾಸು ಉರಿದರೂ ತಿಂಗಳಿಗೆ 1.62 ಯೂನಿಟ್, ಹಳೆಯ 40 ವ್ಯಾಟಿನ ಬಲ್ಬಿಗೆ ಬೇಕಾದದ್ದರ ಕಾಲುಭಾಗಕ್ಕಿಂತ ಕಡಿಮೆ. 2017ರಲ್ಲಿ ಭಾಗ್ಯಜ್ಯೋತಿಯ ಮಿತಿ 40 ಯೂನಿಟ್‌ಗೆ ಏರಿದಾಗ ಕೊನೆಗೂ ಒಂದು ಫ್ಯಾನಿಗೆ ಜಾಗವಾಯಿತು. ಈಚಿನ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟಿನಷ್ಟೇ ತೆಗೆದುಕೊಂಡು ಅದೇ 12 ತಾಸಿಗೆ 10.8 ಯೂನಿಟ್ ಬಳಸುತ್ತದೆ, ಆದರೆ ಅದರ ಬೆಲೆ ಸಾದಾ ಫ್ಯಾನಿನ ಎರಡರಷ್ಟು. ಬಲ್ಬಿಗೆ ಸಿಕ್ಕಿದಂಥ ರಿಯಾಯಿತಿ ಸೆಕೆನಾಡಿನ ಫ್ಯಾನಿಗೆ ಆ ಪ್ರಮಾಣದಲ್ಲಿ ಸಿಗಲಿಲ್ಲ. ಚಾವಣಿಯ ಮೇಲೆ ಸುಣ್ಣ ಬಳಿದರೆ ಒಳಗಿನ ಕಾವು ಇಳಿಯುತ್ತದೆಂಬುದು ಎಲ್ಲರಿಗೂ ಗೊತ್ತು, ಅದಕ್ಕೆ ಯಾವ ಯೋಜನೆಯೂ ಬೇಕಿಲ್ಲ.

2022ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಬಡಕುಟುಂಬಗಳಿಗೆ 75 ಯೂನಿಟ್ ಉಚಿತ ಕೊಡುವ ಅಮೃತಜ್ಯೋತಿ ಬಂತು. ಸುರಪುರ ಸೀಮೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಬೇಡ ನಾಯಕರ ಸಂಖ್ಯೆ ದೊಡ್ಡದಾದ್ದರಿಂದ ಇಲ್ಲಿ ಅದಕ್ಕೆ ಹೆಚ್ಚಿನ ಅರ್ಥವಿತ್ತು. ಮರುವರ್ಷವೇ ಅದೂ ಭಾಗ್ಯಜ್ಯೋತಿ, ಕುಟೀರಜ್ಯೋತಿಗಳೂ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುವ ರಾಜ್ಯದ ಗೃಹಜ್ಯೋತಿ ಯೋಜನೆಯೊಳಗೆ ಸೇರಿದವು. 2023ರ ಜೂನ್ 18ರಿಂದ ಸೇವಾಸಿಂಧು ಜಾಲತಾಣದಲ್ಲಿ ನೋಂದಣಿ ಶುರುವಾಗಿ, ಜುಲೈ ತಿಂಗಳ ಬಳಕೆಗೆ ಅನ್ವಯವಾಗಿ, ಆಗಸ್ಟ್ 5ರಂದು ಯೋಜನೆ ವಿಧ್ಯುಕ್ತವಾಗಿ ಉದ್ಘಾಟನೆಯಾದದ್ದು ಕಲಬುರಗಿಯಲ್ಲಿ. ವಿದ್ಯುತ್ತು ಕೊನೆಗೆ ತಲುಪಿದ ಸೀಮೆಯಲ್ಲೇ ಉಚಿತ ವಿದ್ಯುತ್ತಿನ ಮೊದಲ ಸಮಾರಂಭ. ಆಧಾರ್ ಮತ್ತು ಬಿಲ್ಲಿನ ಮೇಲಿನ ಗ್ರಾಹಕ ಸಂಖ್ಯೆ ಸಾಕು, ಬಾಡಿಗೆಯವರಿಗೆ ಕರಾರು ಪತ್ರ ಬೇಕು, ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ತುಂಬಿಸಬಹುದು ಎಂದಾದದ್ದರಿಂದ ಹಿಂದಿನ ಯೋಜನೆಗಳಿಗಿಂತ ಇದು ಬೇಗ ಮನೆಮನೆ ಮುಟ್ಟಿತು. ಹಳೆಯ ಬಾಕಿಯಿದ್ದವರಿಗೆ ತುಂಬಲು ಮೂರು ತಿಂಗಳ ಗಡುವು ಸಿಕ್ಕಿತು.

ಈ ಯೋಜನೆಯ ಅಳತೆ ಹಿಂದಿನವುಗಳಂತೆ ಎಲ್ಲರಿಗೂ ಒಂದಲ್ಲ. 2022–23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಅದೇ ಆ ಮನೆಯ ಉಚಿತ ಪಾಲು. ಅದಕ್ಕಿಂತ ಹೆಚ್ಚು ಬಳಸಿದರೆ ಹೆಚ್ಚಿನದಕ್ಕೆ ಹಣ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಲೆಕ್ಕ ನ್ಯಾಯವಾಗಿ ಕಾಣುತ್ತದೆ. ಆದರೆ ಇದರಲ್ಲಿ ಮೊದಲಿಂದ ಧಾರಾಳವಾಗಿ ಬಳಸಿದವನಿಗೆ ದೊಡ್ಡ ಪಾಲು, ದೀಪ ಆರಿಸಿ ಕೂತವನಿಗೆ ಸಣ್ಣ ಪಾಲು. ಯಾದಗಿರಿ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಸುಗ್ಗಿ ಮುಗಿದ ಮೇಲೆ ತಾಂಡಾ ಮತ್ತು ಕೇರಿಗಳ ಅನೇಕ ಕುಟುಂಬಗಳು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಮನೆಗೆ ಬೀಗ, ಮೀಟರಿಗೆ ವಿಶ್ರಾಂತಿ, ಬಿಲ್ಲಿನ ಮೇಲೆ ಡೋರ್ ಲಾಕ್ ಎಂಬ ಷರಾ. ಹೀಗೆ ಆರು ತಿಂಗಳು ಕತ್ತಲಲ್ಲಿದ್ದ ಮನೆಯ ವಾರ್ಷಿಕ ಸರಾಸರಿ ಅರ್ಧಕ್ಕಿಳಿಯುತ್ತದೆ, ಬಡತನದಿಂದ ಊರು ಬಿಟ್ಟದ್ದೇ ಉಚಿತ ಪಾಲನ್ನು ಕುಗ್ಗಿಸುತ್ತದೆ. 30 ಯೂನಿಟ್ ಸರಾಸರಿಯ ಮನೆಗೆ ಶೇ 10 ಎಂದರೆ ಮೂರೇ ಯೂನಿಟ್. 2024ರ ಜನವರಿಯಲ್ಲಿ ಸಂಪುಟ ಇದನ್ನು ತಿದ್ದಿ, ಸರಾಸರಿ 48 ಯೂನಿಟ್‌ಗಿಂತ ಕಡಿಮೆಯಿದ್ದವರಿಗೆ ಶೇಕಡಾವಾರು ಬಿಟ್ಟು ನೇರವಾಗಿ 10 ಯೂನಿಟ್ ಹೆಚ್ಚುವರಿ ಕೊಡಲು ಒಪ್ಪಿತು. ಆ ಮನೆಯ ಪಾಲು 33ರಿಂದ 40ಕ್ಕೆ ಬಂತು. ಹಿಂದಿನ ಬಳಕೆಯ ದಾಖಲೆಯೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿಯಾದ 53ರ ಮೇಲೆ ಲೆಕ್ಕ ಹಾಕಿ 58 ಯೂನಿಟ್ ಗೊತ್ತಾಗಿತ್ತು. ಊರಲ್ಲಿದ್ದು ಮಿತವಾಗಿ ಬಳಸಿದವನಿಗಿಂತ ನಿನ್ನೆ ಮೊನ್ನೆ ಮೀಟರ್ ಕೂರಿಸಿಕೊಂಡವನ ಪಾಲು ದೊಡ್ಡದು.

2024ರ ಫೆಬ್ರುವರಿಯಲ್ಲಿ ಕೇಂದ್ರ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆ ಚಾವಣಿಯ ಸೌರಫಲಕಕ್ಕೆ ಮೊದಲ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ ಕೊಡುತ್ತದೆ. ಬಿಸಿಲಿಗೆ ಇಲ್ಲಿ ಬರವಿಲ್ಲ. ಆದರೆ ಫಲಕಕ್ಕೆ ಗಟ್ಟಿಯಾದ ಆರ್‌ಸಿಸಿ ಚಾವಣಿ ಬೇಕು, ಮಣ್ಣಿನ ಮಾಳಿಗೆಯೂ ಪತ್ರಾಸಿನ ಮನೆಯೂ ಅದನ್ನು ಹೊರಲಾರವು. ತಿಂಗಳಿಗೆ 40 ಯೂನಿಟ್ ಬಳಸಿ ಶೂನ್ಯ ಬಿಲ್ ಪಡೆಯುವ ಮನೆಗೆ ಸಾಲ ಮಾಡಿ ಫಲಕ ಕೂರಿಸುವ ಕಾರಣವೂ ಇಲ್ಲ. ಹೀಗಾಗಿ ಅದು ಯಾದಗಿರಿ, ಶಹಾಪುರದ ಬಡಾವಣೆಗಳಲ್ಲಿ ಕೂಲರ್, ಎಸಿ ಇಟ್ಟುಕೊಂಡು 200ರ ಗೆರೆಯ ಆಚೆಗೆ ಹೋದ ನೌಕರರ, ವ್ಯಾಪಾರಿಗಳ ಯೋಜನೆಯಾಗಿ ಉಳಿದಿದೆ. ಗೃಹಜ್ಯೋತಿಗೆ ಮರಳಿದರೆ, ಗುಳೆ ಹೋದವರಿಗೆ ಸಂಬಂಧಿಸಿದ ಒಂದು ತಿದ್ದುಪಡಿ 2024ರ ಆಗಸ್ಟಿನದು. ಅದುವರೆಗೆ ಒಂದು ಆಧಾರ್ ಒಂದೇ ಮೀಟರಿಗೆ ಅಂಟಿಕೊಳ್ಳುತ್ತಿತ್ತು. ಹಳೆಯ ಬಾಡಿಗೆ ಮನೆಯ ಮೀಟರಿನಿಂದ ಅದನ್ನು ಬಿಡಿಸಿ ಹೊಸ ಮನೆಯದಕ್ಕೆ ಜೋಡಿಸಿಕೊಳ್ಳಲು ಆಗ ಅವಕಾಶವಾಯಿತು. ಬೆಂಗಳೂರಿನಲ್ಲಿ ವರ್ಷಕ್ಕೊಂದು ಬಾಡಿಗೆ ಕೋಣೆ ಬದಲಿಸುವ ಸುರಪುರದ ಗೌಂಡಿ, ಕರಾರು ಪತ್ರ ಸಿಕ್ಕರೆ, ತನ್ನ ಪಾಲಿನ ಬೆಳಕನ್ನು ಅಲ್ಲಿಗೆ ಒಯ್ಯಬಹುದು. ಹಾಗೆ ಒಯ್ದರೆ ಊರಿನ ಮನೆಯ ಮೀಟರಿಗೆ ಮನೆಯಲ್ಲುಳಿದ ಮುದುಕರ ಆಧಾರ್ ಜೋಡಿಸಬೇಕಾಗುತ್ತದೆ.